ಉಪ್ಪು ಹಿಡಿದಿಟ್ಟ ಒಂದು ಬೆರಳು

ಉಪ್ಪು ಬೆಳೆಯುವ ಆಗರದ ದಂಡೆಯಲ್ಲಿ ಮಾದೇವಿ ಅಂತ ಒಬ್ಬಳಿದ್ದಳು. ಮಗಳನ್ನು ಮದುವೆ ಮಾಡಿ ಕಳಿಸಿದ್ದಳು, ಮನೆಯಲ್ಲಿ ಉಳಿದವನು ಮಗ ಹಮ್ಮು. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದಂತೆಯೇ ಮಾಡುವ ಆಸಾಮಿ, ಅವ್ವನನ್ನು ಬಿಟ್ಟು ಒಂದು ದಿನವೂ ಇದ್ದವನಲ್ಲ. "ನಾನು ಹೋದ ಮೇಲೆ ಇವನ ಗತಿ ಎಂತದು" ಅಂತ ಮಾದೇವಿ ದಿನಾ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಒಂದು ದಿನ ಅಂಗಳದ ಬೋಗುಣಿಗೆ ನೀರು ತುಂಬಿ, "ಹಮ್ಮು, ಈ ನೀರು ಎಲ್ಲೂ ಹೋಗ್ದ ಹಾಗೆ ನೋಡ್ಕೊ" ಅಂದಳು. ಹಮ್ಮು ಕೋಲು ಹಿಡಿದು ಕೂತ. ಮೂರು ದಿನ ಕೂತ. ದನ ಬರಲಿಲ್ಲ, ಕಾಗೆ ಬರಲಿಲ್ಲ, ನೀರು ಮಾತ್ರ ಇಳಿದಿತ್ತು.

"ಕಳ್ಳ ಕಣ್ಣಿಗೇ ಬೀಳಲಿಲ್ಲ ಅವ್ವಾ."

"ಪೆದ್ದೇ, ಬಿಸಿಲಿಗೆ ನೀರು ಗಾಳಿ ಸೇರ್ತದೆ. ಕೋಲು ಹಿಡಿದ್ರೆ ನಿಲ್ತದ್ಯಾ? ಉಪ್ಪುನೀರಾದ್ರೆ ನಿಧಾನ ಹೋಗ್ತದೆ, ಅಷ್ಟೇ."

ಸರಿ. ಮರುದಿನ ಹಮ್ಮು ಕುಡಿಯುವ ನೀರಿನ ಕೊಡಕ್ಕೇ ಉಪ್ಪು ಸುರಿದ. ಬಾಯಾರಿ ಬಂದ ಮಾದೇವಿ ಒಂದು ಗುಟುಕು ಕುಡಿದು ಥೂ ಎಂದು ಉಗುಳಿದಳು.

"ಎಂತಾ ಹಾಕಿದ್ರೂ ಲೆಕ್ಕ ಮಾಡಿ ಹಾಕು ಮಾರಾಯ!"

ಲೆಕ್ಕವನ್ನು ಅವಳೇ ತೋರಿಸಿದಳು. ಒಂದೇ ಅಳತೆಯ ಎರಡು ಬೋಗುಣಿ ಬಿಸಿಲಿಗಿಟ್ಟಳು. ಒಂದರಲ್ಲಿ ಬಾವಿ ನೀರು, ಇನ್ನೊಂದರಲ್ಲಿ ಇನ್ನು ಕರಗುವುದಿಲ್ಲ ಅನ್ನುವಷ್ಟು ಉಪ್ಪು ಕರಗಿಸಿದ ನೀರು. ಆಗ ಬೀಸುತ್ತಿದ್ದದ್ದು ಒಣಗಾಳಿ. ಬಾವಿ ನೀರು ನಾಲ್ಕು ಬೆರಳು ಇಳಿದ ದಿನ ಉಪ್ಪುನೀರು ಮೂರೇ ಬೆರಳು ಇಳಿದಿತ್ತು.

"ಉಪ್ಪು ನೀರಿನ ಸಂದಿಸಂದಿಯಲ್ಲಿ ಕೂತಿರ್ತದೆ. ಹೊರಡೂ ನೀರಿಗೆ ಜಾಗ ಕಮ್ಮಿ. ನಾಲ್ಕು ಪಾಲು ಹೋಗೂ ಕಡೆ ಮೂರೇ ಪಾಲು ಹೋಗ್ತದೆ."

ಹಮ್ಮು ಬೆರಳಿಟ್ಟು ನೋಡಿದ, ತೆಗೆದು ನೋಡಿದ, ಮತ್ತೆ ಇಟ್ಟು ನೋಡಿದ. ಹೋಗುವ ನೀರು ಕಾಣದು, ಹಿಡಿಯುವ ಉಪ್ಪೂ ಕಾಣದು, ಆದರೆ ಲೆಕ್ಕ ಮಾತ್ರ ಬೆರಳಿಗೆ ಸಿಗುತ್ತದಲ್ಲ! ಅವನು ಬೋಗುಣಿಗೆ ಕೈಮುಗಿದ.

ಅಷ್ಟರಲ್ಲಿ ಮಗಳು ಹೆತ್ತ ಸುದ್ದಿ ಬಂತು. "ನಾಲ್ಕು ದಿನ ಹೋಗಿ ಬರ್ತೆ" ಅಂದಳು ಮಾದೇವಿ. ಹಮ್ಮುವಿನ ಮುಖ ಬಾಡಿತು. ಬೆಳಗ್ಗೆ ಅವನೇ ಗಂಜಿ ಮಾಡಿ ಕೊಟ್ಟ. ಒಂದೇ ಗುಟುಕಿಗೆ ಅವಳ ಕಣ್ಣಲ್ಲಿ ನೀರು ಬಂತು.

"ಎಷ್ಟು ಉಪ್ಪು ಹಾಕಿದ್ಯೋ?"

"ಇನ್ನು ಕರಗೂದಿಲ್ಲ ಅನ್ನುವಷ್ಟು. ಲೆಕ್ಕ ಮಾಡೇ ಹಾಕಿದ್ದು ಅವ್ವಾ. ನಾಲ್ಕು ದಿನ ಹೋಗೋಳು ಮೂರೇ ದಿನ ಹೋಗ್ತಿ."

ಬೈಯಲು ಬಾಯಿ ತೆರೆದವಳು ಗಂಟು ಎತ್ತಿಕೊಂಡು ಹೊರಟಳು.

ಮೊಮ್ಮಗುವಿನ ಮುಖ ನೋಡಿದಳು, ಬಾಣಂತಿಗೆ ನೀರೆರೆದಳು. ಆದರೆ ನಾಲಿಗೆಯಿಂದ ಆ ಗಂಜಿಯ ಉಪ್ಪು ಹೋಗಲೇ ಇಲ್ಲ. ಮೂರನೇ ದಿನ ಸಂಜೆಗೇ ಮನೆಗೆ ಬಂದುಬಿಟ್ಟಳು. ಹಮ್ಮು ಎರಡು ಬಟ್ಟಲು ಗಂಜಿ ಬಡಿಸಿಕೊಂಡು ಕಾಯುತ್ತಿದ್ದ.

"ನಾನು ಇವತ್ತೇ ಬರ್ತೆ ಅಂತ ಹ್ಯಾಗೆ ಗೊತ್ತಾಯ್ತೋ?"

"ಲೆಕ್ಕ ಅವ್ವಾ."

ಒಂದು ಗಳಿಗೆ ಮಾದೇವಿಗೆ ಮಗ ದೊಡ್ಡ ಪಂಡಿತನಂತೆ ಕಂಡ. ಬೆರಗಿನಲ್ಲೇ ಬಟ್ಟಲು ಎತ್ತಿ ಕುಡಿದಳು. ಕರಗದೆ ಉಳಿದ ಉಪ್ಪು ಹಲ್ಲಿಗೆ ಕರಕರ ಸಿಕ್ಕಿತು.

"ಬಂದಾಯ್ತಲ್ಲ, ಇದು ಎಂತಕ್ಕೆ?"

"ನಾನು ಹೋದ ಮೇಲೆ, ನಾನು ಹೋದ ಮೇಲೆ ಅಂತ ದಿನಾ ಹೇಳ್ತಿಯಲ್ಲ," ಅಂದ ಹಮ್ಮು. "ಆ ಹೋಗೂದಕ್ಕೆ."

ಮಾದೇವಿ ಬಟ್ಟಲು ಖಾಲಿಯಾಗುವ ತನಕ ಕುಡಿದಳು.