ವರ್ತಕನ ಫೈರ್‌ವಾಲ್

“ಗುರುಗಳೇ, ನನ್ನ ಮೂರು ಬಟ್ಟೆ ಅಂಗಡಿಗಳ ಕಂಪ್ಯೂಟರುಗಳನ್ನು ಕಳ್ಳರಿಂದ ಕಾಯಲು ಒಂದು ಫೈರ್‌ವಾಲ್ ಕೊಳ್ಳಬೇಕು. ನೂರು ಬಗೆಯವು ಇವೆ. ಯಾವುದನ್ನು ಆರಿಸಲಿ?” ಎಂದು ಶಿಷ್ಯ ಸಂಗಣ್ಣ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಮೆಣಸಿನಕಾಯಿ ವರ್ತಕನಿದ್ದ. ಅವನ ಕಚೇರಿಯ ಕಂಪ್ಯೂಟರುಗಳೂ ಶೈತ್ಯಾಗಾರದ ಯಂತ್ರಗಳೂ ಒಂದೇ ಜಾಲದಲ್ಲಿದ್ದವು. ನೆರೆಯ ವರ್ತಕನ ಕಂಪ್ಯೂಟರಿಗೆ ಕಳ್ಳರು ನುಗ್ಗಿದ ಸುದ್ದಿ ಕೇಳಿ ಅವನಿಗೆ ನಿದ್ದೆ ಬರಲಿಲ್ಲ. ಪೇಟೆಗೆ ಹೋಗಿ ಎಲ್ಲಕ್ಕಿಂತ ದೊಡ್ಡ ಫೈರ್‌ವಾಲ್ ತಂದು ಕೂರಿಸಿದ. ನಿಶ್ಚಿಂತನಾದ.

ಅದು ಕಳ್ಳರನ್ನು ತಡೆಯಿತು. ಗಿರಾಕಿಗಳ ಇಮೇಲುಗಳನ್ನೂ ತಡೆಯಿತು. ಪತ್ರ ವ್ಯವಹಾರ ನೋಡುವ ಹೆಂಗಸು ಎರಡು ಸಲ ಹೇಳಿದಳು. ವರ್ತಕ, “ಸ್ವಲ್ಪ ದಿನ ಹೊಂದಿಕೊಳ್ಳಿ” ಎಂದ. ಅವಳು ತನ್ನ ಮೊಬೈಲಿನ ಇಂಟರ್‌ನೆಟ್ಟನ್ನು ಕಂಪ್ಯೂಟರಿಗೆ ಜೋಡಿಸಿಕೊಂಡು ಕೆಲಸ ಮುಂದುವರಿಸಿದಳು. ಒಂದು ದಿನ ಆ ದಾರಿಯಲ್ಲಿ ಕೆಟ್ಟ ಪತ್ರವೊಂದು ಬಂತು. ತೆರೆದೊಡನೆ ಕಚೇರಿಯ ಕಂಪ್ಯೂಟರುಗಳು ಒಂದೊಂದಾಗಿ ಸ್ತಬ್ಧವಾದವು. ಅವಳು ಶೈತ್ಯಾಗಾರಕ್ಕೆ ಓಡಿಹೋಗಿ ಜಾಲದ ತಂತಿ ಕಿತ್ತಳು. ಯಂತ್ರಗಳು ನಿಲ್ಲಲಿಲ್ಲ; ಮಾಲು ಉಳಿಯಿತು.

“ಇಷ್ಟು ದೊಡ್ಡ ಕಾವಲಿರುವಾಗ ಅಡ್ಡದಾರಿ ಏಕೆ ಮಾಡಿದಿರಿ?” ಎಂದು ವರ್ತಕ ಗದರಿದ.

“ತಪ್ಪಾಯಿತು, ಸಾಹುಕಾರರೇ. ಆದರೆ ಆ ಕಾವಲು ನಮ್ಮ ಗಿರಾಕಿಗಳನ್ನೇ ಹೊರಗೆ ನಿಲ್ಲಿಸಿತ್ತು. ವ್ಯಾಪಾರ ನಿಲ್ಲಬಾರದೆಂದು ಹಾಗೆ ಮಾಡಿದೆ.”

ಹಾಳಾದ ಕಂಪ್ಯೂಟರುಗಳನ್ನು ಸರಿಪಡಿಸಲು ಒಂದು ವಾರ ಹಿಡಿಯಿತು. ಆ ವಾರವೆಲ್ಲ ವರ್ತಕ ಅವಳ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತ. ಎಲ್ಲಿಂದ ಪತ್ರ ಬರುತ್ತದೆ, ಏನು ಹೊರಗೆ ಹೋಗಬೇಕು, ಯಾವ ಯಂತ್ರಕ್ಕೆ ಹೊರಗಿನ ಸಂಪರ್ಕವೇ ಬೇಡ, ಎಲ್ಲವನ್ನೂ ಕೇಳಿ ಬರೆದುಕೊಂಡ. ಆ ಹಾಳೆಯನ್ನು ಫೈರ್‌ವಾಲ್ ಮಾರಿದ ಪೇಟೆಯವನ ಮುಂದಿಟ್ಟ. ಪೇಟೆಯವನು ದೊಡ್ಡದನ್ನು ವಾಪಸು ಪಡೆದು, ಅದರ ಅರ್ಧದಷ್ಟಿದ್ದ ಇನ್ನೊಂದನ್ನು ಕೊಟ್ಟ. ಶೈತ್ಯಾಗಾರಕ್ಕೆ ಬೇರೆಯೇ ಜಾಲ ಮಾಡಿಸಿದರು. ಫೈರ್‌ವಾಲಿನ ಎಚ್ಚರಿಕೆಗಳನ್ನು ಓದಿ ತಿಳಿಯಲು ಆ ಹೆಂಗಸು ಕಲಿತಳು. ಮುಂದೆ ಕಳ್ಳರು ಹಲವು ಸಲ ಬಂದರು, ಬಂದ ಹಾಗೆ ಹೋದರು. ವರ್ತಕ ನೆಮ್ಮದಿಯಿಂದ ವ್ಯಾಪಾರ ಮಾಡಿಕೊಂಡಿದ್ದ.

ಸಂಗಣ್ಣನ ಮುಖ ಅರಳಿತು. “ಆ ಎರಡನೆಯ ಫೈರ್‌ವಾಲಿನ ಹೆಸರು ಹೇಳಿ, ಗುರುಗಳೇ. ನಾನೂ ಅದನ್ನೇ ತರುತ್ತೇನೆ” ಎಂದ.

ಗುರುಗಳು ನಕ್ಕರು. “ಮೊದಲು ನೀನು, ನಿನ್ನ ಮೂರು ಅಂಗಡಿಗಳಲ್ಲಿ ದಿನವೂ ಪತ್ರ ತೆರೆಯುವವರ ಹೆಸರು ಹೇಳು.”

ಸಂಗಣ್ಣ ಒಂದು ಹಾಳೆ ತೆಗೆದುಕೊಂಡು ತನ್ನ ಅಂಗಡಿಗಳ ಕಡೆ ಹೊರಟ.