ಹತ್ತು ಸೊನ್ನೆ

ರಕ್ತದಾನಿಗಳ ಒಂದು ವೆಬ್‌ಸೈಟಿನಲ್ಲಿ ಮಾಡೆಲ್ ಮತ್ತು ಟೇಬಲ್ ವಾಸವಾಗಿದ್ದವು. ದಾನಿಯ ವಿವರ ಹೇಗಿರಬೇಕೆಂದು ಬರೆಯುವುದು ಮಾಡೆಲ್. ನಾಲ್ಕು ಸಾವಿರ ದಾನಿಗಳ ವಿವರ ಹೊತ್ತು ನಿಂತಿರುವುದು ಟೇಬಲ್. ಮಾಡೆಲ್ ಮಾಡಿದ ಬದಲಾವಣೆಯನ್ನು ಟೇಬಲ್‌ಗೆ ಮುಟ್ಟಿಸುವುದು ಮೈಗ್ರೇಷನ್.

ಒಂದು ದಿನ ಮಾಡೆಲ್ ಹೇಳಿತು: "ಇನ್ನು ಪ್ರತಿ ದಾನಿಗೂ ಫೋನ್ ನಂಬರ್ ಕಡ್ಡಾಯ."

ಮೈಗ್ರೇಷನ್ ಹೋದಷ್ಟೇ ಬೇಗ ವಾಪಸು ಬಂತು. "ಹಳೆಯ ದಾನಿಗಳ ನಂಬರಿನ ಜಾಗದಲ್ಲಿ ಏನು ತುಂಬಲಿ ಎಂದು ಟೇಬಲ್ ಕೇಳುತ್ತಿದೆ."

"ಕಡ್ಡಾಯ ಎಂದು ಬರೆದಾಯಿತಲ್ಲ."

"ನೀನು ಬರೆದರೆ ನಂಬರ್ ಬರುವುದಿಲ್ಲ ಮಾರಾಯ, ಜನರನ್ನು ಕೇಳಬೇಕು. ಅಲ್ಲಿಯವರೆಗೆ ಖಾಲಿ ಬಿಡು. ರಕ್ತ ಬೇಕಾದಾಗ, ನಂಬರ್ ಇಲ್ಲದವರಿಗೆ ಮೊದಲಿನಂತೆ ಇಮೇಲ್ ಹೋಗುತ್ತದೆ."

"ಖಾಲಿ ಜಾಗ ನನಗೆ ಆಗದು. ಹತ್ತು ಸೊನ್ನೆ ತುಂಬು."

ಮೈಗ್ರೇಷನ್ ಮೂರು ಸಲ ಬೇಡವೆಂದಿತು. ನಾಲ್ಕನೆಯ ಸಲ ವಾದಿಸುವ ಶಕ್ತಿಯಿಲ್ಲದೆ ಸೊನ್ನೆಗಳನ್ನು ಹೊತ್ತು ನಡೆಯಿತು. ಟೇಬಲ್ ಗೊಣಗುತ್ತಲೇ ತುಂಬಿಕೊಂಡಿತು. ಎಲ್ಲೂ ಖಾಲಿ ಕಾಣದ್ದಕ್ಕೆ ಮಾಡೆಲ್ ಬೀಗಿತು.

ಮರುವಾರ ಆಸ್ಪತ್ರೆಯೊಂದರಿಂದ ಓ ನೆಗೆಟಿವ್ ರಕ್ತ ತುರ್ತಾಗಿ ಬೇಕೆಂಬ ಕೋರಿಕೆ ಬಂತು. ಆ ಗುಂಪಿನ ಹನ್ನೊಂದು ಮಂದಿ ದಾನಿಗಳಿದ್ದರು. ಎಲ್ಲರಿಗೂ ನಂಬರ್ ಇದ್ದುದರಿಂದ ವೆಬ್‌ಸೈಟು ಯಾರಿಗೂ ಇಮೇಲ್ ಕಳಿಸಲಿಲ್ಲ, ಒಬ್ಬೊಬ್ಬರಿಗೂ ಕರೆ ಮಾಡುತ್ತಾ ಹೋಯಿತು.

"ಒಬ್ಬರೂ ಫೋನ್ ಎತ್ತುತ್ತಿಲ್ಲವೇಕೆ?" ಎಂದು ಮಾಡೆಲ್ ಸಿಡುಕಿತು.

"ಆ ನಂಬರ್ ಕೊಟ್ಟಿದ್ದು ನೀನು," ಎಂದಿತು ಟೇಬಲ್. "ನೀನೇ ಎತ್ತು."