ತಾಗದ ಏಟಿಗೆ ಬೀಳದವನು

"ಹೇಗೂ ಸಾಯಲೆಂದೇ ಬಂದವನು ಒಂದು ಗಳಿಗೆ ಮೊದಲೇ ಸತ್ತರೆ ತಪ್ಪೇನು, ಮೇಷ್ಟ್ರೇ?" ಎಂದು ಮುಕ್ತಾ ಕೇಳಿದಳು.

ಅವಳು ಹೊಳೆಬಸಪ್ಪ ಮೇಷ್ಟ್ರ ಬಳಿ ಆಟ ನಡೆಸುವುದನ್ನು ಕಲಿಯುತ್ತಿದ್ದಳು. ಮೇಜಿನ ಸುತ್ತ ಕುಳಿತು, ಬಾಯಿಮಾತಿನಲ್ಲೇ ಕಥೆ ಕಟ್ಟುತ್ತ, ಇಪ್ಪತ್ತು ಮುಖದ ದಾಳ ಉರುಳಿಸಿ ಆಡುವ ಆಟ ಅದು. ಆಡುವವರೆಲ್ಲ ವೀರರು. ಕಾಡು, ಕೋಟೆ, ವೈರಿಗಳು, ಮಿಕ್ಕಿದ್ದೆಲ್ಲ ನಡೆಸುವವರ ಪಾಲು.

ವೈರಿಗಳಲ್ಲಿ ತೀರ ಕೆಳಗಿನವರನ್ನು ಮೇಷ್ಟ್ರು ಪುಡಿ ರಕ್ಕಸರು ಎನ್ನುತ್ತಿದ್ದರು. ಅವರಿಗೆ ಇರುವುದು ಒಂದೇ ನಿಯಮ. ಏಟು ತಾಗಿದರೆ ಸತ್ತ, ಎಷ್ಟು ತಾಗಿತು ಎಂಬ ಲೆಕ್ಕವಿಲ್ಲ. ತಾಗದಿದ್ದರೆ ಅವನ ಕೂದಲೂ ಕೊಂಕದು. ಆಟದ ಪುಸ್ತಕದಲ್ಲಿ ಈ ನಿಯಮವನ್ನು ಓದುವಾಗಲೆಲ್ಲ ಮೇಷ್ಟ್ರ ಮುಖ ಅರಳುತ್ತಿತ್ತು. ಎರಡು ಸಾಲಿನಲ್ಲಿ ಒಂದು ಜೀವವನ್ನೇ ಇಟ್ಟಿದ್ದಾರೆ ನೋಡು, ಯಾವ ಪುಣ್ಯಾತ್ಮನಿಗೆ ಹೊಳೆಯಿತೋ, ಎನ್ನುತ್ತಿದ್ದರು.

ಹಿಂದಿನ ಭಾನುವಾರ ಮುಕ್ತಾ ಮೊದಲ ಬಾರಿಗೆ ತಾನೇ ಆಟ ನಡೆಸಿದ್ದಳು. ಆಟಕ್ಕೆ ಹೊಸದಾಗಿ ಬಂದಿದ್ದ ನರ್ಸ್ ನೀಲಗಂಗಾ ಕಥೆಯೊಳಗೆ ಒಂದು ಸೇತುವೆಯನ್ನು ಒಬ್ಬಳೇ ಕಾಯುತ್ತಿದ್ದಳು. ಏಟು ತಾಗಬೇಕಾದರೆ ದಾಳದಲ್ಲಿ ದೊಡ್ಡ ಸಂಖ್ಯೆ ಬೀಳಬೇಕು. ಅವಳ ದಾಳ ಐದು ಸಲ ಕೈಕೊಟ್ಟಿತು. ಆರನೆಯ ಸಲವೂ ನಾಲ್ಕೇ ಬಿದ್ದಾಗ ಮುಕ್ತಾಳಿಗೆ ಅಯ್ಯೋ ಅನ್ನಿಸಿತು. ರಕ್ಕಸ ಬಿದ್ದ, ಸತ್ತ ಎಂದುಬಿಟ್ಟಳು. ಮುಂದಿನ ಇಬ್ಬರನ್ನೂ ಹಾಗೆಯೇ ಬೀಳಿಸಿದಳು. ನೀಲಗಂಗಾ ದಾಳವನ್ನು ಒಮ್ಮೆ ನೋಡಿದಳು, ಡಬ್ಬಿಗೆ ಹಾಕಿದಳು, ಇನ್ನು ಬರುವುದಿಲ್ಲ ಎಂದು ಹೇಳಿ ಹೋದಳು. ಅವಳನ್ನು ಹೇಗೆ ಮರಳಿ ಕರೆಯುವುದು ಎಂಬುದೇ ಮುಕ್ತಾಳ ಚಿಂತೆ.

ಮೇಷ್ಟ್ರು ಕನ್ನಡಕ ತೆಗೆದಿಟ್ಟು ಒಂದು ಕತೆ ಹೇಳಿದರು.

ಒಂದು ನಾಟಕ ಕಂಪನಿ. ಅದರಲ್ಲಿ ಒಬ್ಬ ನಟ. ನಲವತ್ತು ವರ್ಷದಿಂದ ವೀರನ ಪಾತ್ರ ಅವನದೇ. ಯುದ್ಧದ ದೃಶ್ಯದಲ್ಲಿ ಅವನು ಹನ್ನೆರಡು ಸೈನಿಕರನ್ನು ಕೊಲ್ಲಬೇಕು. ಕಂಪನಿಯಲ್ಲಿ ಇದ್ದ ಸೈನಿಕರು ನಾಲ್ಕೇ ಜನ. ಒಂದೇಟಿಗೆ ಬಿದ್ದು, ಉರುಳುತ್ತ ಪರದೆಯ ಹಿಂದೆ ಹೋಗಿ, ಪೇಟ ಬದಲಿಸಿ ಮತ್ತೆ ಸಾಯಲು ಬರುತ್ತಿದ್ದರು. ಬೀಳುವುದರಲ್ಲಿ ಒಬ್ಬೊಬ್ಬರದು ಒಂದೊಂದು ಸೊಗಸು.

ನಟನ ಕಣ್ಣಿಗೆ ಪೊರೆ ಬಂತು. ಒಂದು ಆಟದಲ್ಲಿ ಅವನ ಕತ್ತಿ ಸೈನಿಕನಿಂದ ಮೊಳ ದೂರದಲ್ಲಿ ಹಾದುಹೋಯಿತು. ಸೈನಿಕನಿಗೆ ಮುದುಕನ ಮೇಲೆ ಬಹಳ ಪ್ರೀತಿ. ಅವನು ಬಿದ್ದುಬಿಟ್ಟ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಟ ಒಳಗೆ ಬಂದು ಕಿರೀಟ ತೆಗೆದಿಟ್ಟು ಗೋಡೆಯ ಕಡೆ ತಿರುಗಿ ಕುಳಿತ. ಇನ್ನೊಮ್ಮೆ ಜನ ನಕ್ಕರೆ ಪಾತ್ರ ಬೇರೆಯವರಿಗೆ ಎಂದು ಮಾಲೀಕ ಹೇಳಿದ.

ಮುಂದಿನ ಆಟದಲ್ಲಿ ಮೊದಲು ಸಾಯುವ ಸರದಿ ಇನ್ನೊಬ್ಬ ಸೈನಿಕನದು. ನಟ ಕತ್ತಿ ಬೀಸಿದ. ತಪ್ಪಿತು. ಪರದೆಯ ಸಂದಿಯಿಂದ ಗೆಳೆಯರು ಬೀಳೋ, ಬೀಳೋ ಎಂದು ಕೈಸನ್ನೆ ಮಾಡಿದರು. ಅವನು ಬೀಳಲಿಲ್ಲ. ಮಾಲೀಕ ಹಲ್ಲು ಕಡಿದ. ಆಗಲೂ ಬೀಳಲಿಲ್ಲ. ಆ ಪಾತ್ರಕ್ಕೆ ಮಾತೇ ಇರಲಿಲ್ಲ. ಆದರೂ ಅವನು ಬಾಯಿ ತೆರೆದ.

"ಏನಯ್ಯಾ ವೀರ, ಗಾಳಿಯನ್ನು ಕೊಂದು ಹೋಗಲು ಬಂದೆಯಾ? ನಾನು ಇಲ್ಲಿದ್ದೇನೆ" ಎಂದವನೇ ಈಟಿಯ ತುದಿಯಿಂದ ನಟನ ಎದೆಗವಚಕ್ಕೆ ಠಣ್ಣೆಂದು ಕುಟ್ಟಿದ.

ಜನ ಗಪ್‌ಚಿಪ್ಪಾದರು. ವೀರನ ಮೈಮುಟ್ಟಿದ ಸೈನಿಕನನ್ನು ಅವರು ಅಲ್ಲಿಯವರೆಗೆ ಕಂಡಿರಲಿಲ್ಲ. ನಟನಿಗೆ ಕಣ್ಣು ಕಾಣದಿದ್ದರೂ ದನಿ ಕೇಳಿತ್ತು, ಈಟಿಯ ಉದ್ದ ಗೊತ್ತಿತ್ತು. ಒಂದು ಹೆಜ್ಜೆ ಹಿಂದೆ ಸರಿದ. ದನಿ ಬಂದ ಕಡೆಗೆ ಬೀಸಿದ. ಕತ್ತಿ ಭುಜಕ್ಕೆ ತಾಗಿತು.

ಆಗ ಬಿದ್ದ ನೋಡು ಸೈನಿಕ! ಮೊದಲು ಈಟಿ, ಆಮೇಲೆ ಮೊಣಕಾಲು, ಕಡೆಗೆ ಪೇಟ. ಕಂಪನಿಯಲ್ಲಿ ಅಂಥ ಸಾವನ್ನು ಯಾರೂ ಸತ್ತಿರಲಿಲ್ಲ. ಜನ ಎದ್ದು ನಿಂತರು. ಉಳಿದವರೂ ಅದನ್ನೇ ಹಿಡಿದರು. ಬೈಯುತ್ತ, ಕುಟ್ಟುತ್ತ, ತಾಗಿದ ಮೇಲಷ್ಟೇ ಬಿದ್ದರು. ಒಬ್ಬನಿಗೆ ಮೂರು ಏಟು ಬೇಕಾಯಿತು. ಯಾರೂ ನಗಲಿಲ್ಲ. ಆಟ ಮುಗಿದ ಮೇಲೆ ನಟ ಒಳಗೆ ಬಂದ. ಕಿರೀಟ ತೆಗೆಯಲಿಲ್ಲ.

"ಎಷ್ಟೋ ವರ್ಷಕ್ಕೆ ಇವತ್ತು ಒಬ್ಬನನ್ನು ಕೊಂದೆ" ಎಂದ.

ಮೇಷ್ಟ್ರು ಕತೆ ನಿಲ್ಲಿಸಿದರು. ಎರಡನೆಯ ಏಟೂ ತಪ್ಪಿದ್ದರೆ ಮುದುಕನ ಪಾತ್ರವೇ ಹೋಗುತ್ತಿತ್ತಲ್ಲ, ಸೈನಿಕನಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತು ಎಂದು ಮುಕ್ತಾ ಕೇಳಿದಳು.

ಮೇಷ್ಟ್ರು ಕನ್ನಡಕ ಏರಿಸಿಕೊಂಡು, ಡಬ್ಬಿಯಿಂದ ನೀಲಗಂಗಾಳ ದಾಳವನ್ನು ತೆಗೆದು ಅವಳ ಅಂಗೈಯಲ್ಲಿಟ್ಟರು.

"ನಿನ್ನ ರಕ್ಕಸರೂ ನೀಲಗಂಗಾಳ ಮುಂದಿನ ಏಟನ್ನು ಆ ಸೈನಿಕನಷ್ಟೇ ನಂಬಬಹುದಿತ್ತು, ಮುಕ್ತಾ."